ಆಲ್ವೇಸ್, ಆಫನ್, ನೆವರ್: ‘ಎಷ್ಟು ಸಲ’ ಎಂದು ಹೇಳುವ ಇಂಗ್ಲಿಷ್ ಪದಗಳನ್ನು ವಾಕ್ಯದಲ್ಲಿ ಕೂರಿಸುವ ಬಗೆ

ಕನ್ನಡದ ‘ಯಾವಾಗಲೂ’ ವಾಕ್ಯದೊಳಗೆ ಮನೆಮಗನ ಹಾಗೆ ಓಡಾಡಿಕೊಂಡಿರುತ್ತದೆ. ‘ನಾನು ಬೆಳಿಗ್ಗೆ ಯಾವಾಗಲೂ ಕಾಫಿ ಕುಡೀತೀನಿ’ ಅನ್ನಬಹುದು. ‘ಯಾವಾಗಲೂ ನಾನು ಬೆಳಿಗ್ಗೆ ಕಾಫಿ ಕುಡೀತೀನಿ’ ಅಂದರೂ ನಡೆಯುತ್ತದೆ. ‘ನಾನು ಬೆಳಿಗ್ಗೆ ಕಾಫಿ ಕುಡಿಯೋದು, ಯಾವಾಗಲೂ’ ಎಂದು ಕೊನೆಗೆ ತಂದು ಸೇರಿಸಿದರೂ ಯಾರೂ ಹುಬ್ಬೇರಿಸುವುದಿಲ್ಲ. ಇಂಗ್ಲಿಷಿನ ‘ಆಲ್ವೇಸ್’ಗೆ ಈ ಸಲುಗೆ ಇಲ್ಲ. ‘ಐ ಆಲ್ವೇಸ್ ಡ್ರಿಂಕ್ ಕಾಫಿ ಇನ್ ದಿ ಮಾರ್ನಿಂಗ್’ ಸರಿ. ‘ಆಲ್ವೇಸ್ ಐ ಡ್ರಿಂಕ್ ಕಾಫಿ’ ಕಿವಿಗೆ ಒರಟು. ‘ಐ ಡ್ರಿಂಕ್ ಆಲ್ವೇಸ್ ಕಾಫಿ’ ತಪ್ಪು.

ಶಾಲೆಯಲ್ಲಿ ಇವನ್ನು ‘ಅಡ್ವರ್ಬ್ಸ್ ಆಫ್ ಫ್ರೀಕ್ವೆನ್ಸಿ’ ಎಂದು ಕಲಿಸುತ್ತಾರೆ, ಪಟ್ಟಿ ಬಾಯಿಪಾಠ ಮಾಡಿಸುತ್ತಾರೆ. ಪಟ್ಟಿ ಕಷ್ಟವಲ್ಲ, ಅರ್ಧ ಗಂಟೆಯ ಕೆಲಸ. ಎಡವುವುದು ಜಾಗದಲ್ಲಿ, ಅದಕ್ಕಿಂತ ಹೆಚ್ಚಾಗಿ ‘ಇಲ್ಲ’ ಎನ್ನುವ ವಾಕ್ಯಗಳಲ್ಲಿ. ಎರಡಕ್ಕೂ ಮದ್ದು ಒಂದೇ: ಈ ಪದಗಳನ್ನು ಇಡುವಾಗ ಕಣ್ಣು ಕರ್ತೃವಿನ ಮೇಲಲ್ಲ, ಕ್ರಿಯಾಪದದ ಮೇಲಿರಬೇಕು. ವಾಕ್ಯದಲ್ಲಿ ಕ್ರಿಯಾಪದ ಯಾವುದು, ಅದರ ಜೊತೆ ಹೆಲ್ಪಿಂಗ್ ವರ್ಬ್ (ಹ್ಯಾವ್, ವಿಲ್, ಕ್ಯಾನ್ ಥರದ ಸಹಾಯಕ ಕ್ರಿಯಾಪದ) ಇದೆಯೋ ಇಲ್ಲವೋ ಎಂದು ಗುರುತಿಸಿದರೆ ಪದದ ಜಾಗ ತಾನೇ ಗೊತ್ತಾಗುತ್ತದೆ.

ಹಂತ 1: ಎಷ್ಟು ಸಲ ಎಂದು ಮೊದಲು ಅಳೆಯಿರಿ

ಪುಸ್ತಕಗಳಲ್ಲಿ ಆಲ್ವೇಸ್‌ಗೆ ಶೇ. 100, ಯೂಶುವಲಿಗೆ ಇಷ್ಟು, ಆಫನ್‌ಗೆ ಅಷ್ಟು ಎಂದು ಕೋಷ್ಟಕ ಇರುತ್ತದೆ. ಒಂದು ಪುಸ್ತಕದ ಅಂಕಿ ಇನ್ನೊಂದರಲ್ಲಿ ಇರುವುದಿಲ್ಲ, ಆದ್ದರಿಂದ ಅದನ್ನು ಉರು ಹೊಡೆಯಬೇಡಿ. ತಿಂಗಳ 30 ದಿನವನ್ನು ಅಳತೆಗೋಲು ಮಾಡಿಕೊಳ್ಳಿ, ಅಂದಾಜು ಸಾಕು:

- 30ಕ್ಕೆ 30 ದಿನ: ಆಲ್ವೇಸ್
- 25ರ ಆಸುಪಾಸು: ಯೂಶುವಲಿ, ಜನರಲಿ, ನಾರ್ಮಲಿ
- 15ರಿಂದ 20: ಆಫನ್, ಫ್ರೀಕ್ವೆಂಟ್ಲಿ
- 8–10: ಸಮ್‌ಟೈಮ್ಸ್
- 3–4: ಅಕೇಶನಲಿ
- ಒಂದೋ ಎರಡೋ: ರೇರ್ಲಿ, ಸೆಲ್ಡಮ್, ಹಾರ್ಡ್ಲಿ ಎವರ್
- ಸೊನ್ನೆ: ನೆವರ್

ಈ ಅಳತೆ ಎಲ್ಲಕ್ಕೂ ಒಂದೇ ಅಲ್ಲ. ತಿಂಗಳಿಗೆ ನಾಲ್ಕು ಸಲ ಸಿನಿಮಾಕ್ಕೆ ಹೋಗುವವರು ‘ಆಫನ್’ ಹೋಗುವವರು. ತಿಂಗಳಿಗೆ ನಾಲ್ಕು ಸಲ ಹಲ್ಲುಜ್ಜುವವರನ್ನು ಹಾಗೆನ್ನಲಾಗದು! ಆ ಕೆಲಸವನ್ನು ಜನ ಸಾಮಾನ್ಯವಾಗಿ ಎಷ್ಟು ಸಲ ಮಾಡುತ್ತಾರೆ ಎಂಬುದಕ್ಕೆ ಹೋಲಿಸಿ ಪದ ಆರಿಸಬೇಕು.

ಯೂಶುವಲಿ ಮತ್ತು ಆಫನ್ ನಡುವೆ ಎಣಿಕೆಯದಷ್ಟೇ ವ್ಯತ್ಯಾಸವಲ್ಲ. ‘ಐ ಯೂಶುವಲಿ ಟೇಕ್ ದಿ ಮೆಟ್ರೋ’ ಅಂದರೆ ಮೆಟ್ರೋ ನನ್ನ ರೂಢಿ, ಬೇರೆ ದಾರಿ ಹಿಡಿದರೆ ಅದಕ್ಕೊಂದು ಕಾರಣ ಇರುತ್ತದೆ ಎಂದು. ‘ಐ ಆಫನ್ ಟೇಕ್ ದಿ ಮೆಟ್ರೋ’ ಅಂದರೆ ಬಹಳ ಸಲ ಹತ್ತುತ್ತೇನೆ ಅಷ್ಟೇ. ಬಸ್ಸನ್ನೂ ಅಷ್ಟೇ ಸಲ ಹತ್ತುತ್ತಿರಬಹುದು. ಇಂಟರ್‌ವ್ಯೂನಲ್ಲಿ ಕೆಲಸದ ಕ್ರಮ ವಿವರಿಸುವಾಗ ಯೂಶುವಲಿ ಬೇಕಾಗುತ್ತದೆ, ಅನುಭವದ ವಿಸ್ತಾರ ಹೇಳುವಾಗ ಆಫನ್.

ಸೆಲ್ಡಮ್ ಪಠ್ಯಪುಸ್ತಕದಲ್ಲಿ, ಗಂಭೀರ ಬರಹದಲ್ಲಿ ಸಿಗುವ ಪದ. ಮಾತಿನಲ್ಲಿ ‘ಹಾರ್ಡ್ಲಿ ಎವರ್’ ಹೆಚ್ಚು ಸಹಜ. ಎಚ್ಚರ, ಇಲ್ಲಿ ‘ಎವರ್’ ಬಿಟ್ಟರೆ ಅರ್ಥ ಜಾರುತ್ತದೆ. ‘ಐ ಹಾರ್ಡ್ಲಿ ಎವರ್ ಟಾಕ್ ಟು ಹಿಮ್’ ಅಂದರೆ ಮಾತಾಡುವುದೇ ಅಪರೂಪ. ‘ಐ ಹಾರ್ಡ್ಲಿ ನೋ ಹಿಮ್’ ಅಂದರೆ ಪರಿಚಯ ಅಷ್ಟಕ್ಕಷ್ಟೇ. ಇನ್ನು ಕಷ್ಟಪಟ್ಟು ದುಡಿಯುವವರ ಬಗ್ಗೆ ‘ಶೀ ವರ್ಕ್ಸ್ ಹಾರ್ಡ್ಲಿ’ ಅಂದುಬಿಟ್ಟರೆ ಹೊಗಳಿಕೆ ಹೋಗಿ ‘ಕೆಲಸವನ್ನೇ ಮಾಡಲ್ಲ’ ಎಂಬ ಧ್ವನಿ ಬರುತ್ತದೆ. ಅಲ್ಲಿ ಬೇಕಾದದ್ದು ‘ವರ್ಕ್ಸ್ ಹಾರ್ಡ್’.

ಹಂತ 2: ಕ್ರಿಯಾಪದ ಒಂದೇ ಇದ್ದರೆ

ಒಂದೇ ಸಂಗತಿಯನ್ನು ಎರಡು ರೀತಿ ಹೇಳಿ ನೋಡೋಣ. ಬಸ್ಸು ಆಗಾಗ ತಡ.

ದಿ ಬಸ್ ಆಫನ್ ಕಮ್ಸ್ ಲೇಟ್.
ದಿ ಬಸ್ ಈಸ್ ಆಫನ್ ಲೇಟ್.

ಅರ್ಥ ಒಂದೇ, ಆಫನ್ ಮಾತ್ರ ಜಾಗ ಬದಲಿಸಿದೆ. ಮೊದಲನೆಯದರಲ್ಲಿ ‘ಕಮ್ಸ್’ ಎಂಬ ಕೆಲಸದ ಕ್ರಿಯಾಪದವಿದೆ, ಆಫನ್ ಅದರ ಮುಂಚೆ ಬಂತು. ಎರಡನೆಯದರಲ್ಲಿ ‘ಈಸ್’ ಇದೆ, ಆಫನ್ ಅದರ ನಂತರ ಬಂತು. ಆಮ್, ಈಸ್, ಆರ್, ವಾಸ್, ವರ್ ಈ ಐದು ಒಂಟಿಯಾಗಿ ನಿಂತಿದ್ದರೆ ಪದ ಅವುಗಳ ಬೆನ್ನಿಗೆ. ಮಿಕ್ಕ ಯಾವ ಕ್ರಿಯಾಪದ ಒಂಟಿಯಾಗಿದ್ದರೂ ಪದ ಅದರ ಎದುರಿಗೆ. ಆಲ್ವೇಸ್‌ನಿಂದ ನೆವರ್‌ವರೆಗೆ ಮೇಲಿನ ಪಟ್ಟಿಯ ಯಾವ ಪದವನ್ನಾದರೂ ಈ ಎರಡು ಜಾಗದಲ್ಲಿ ಇಟ್ಟು ನೋಡಿ, ವಾಕ್ಯ ಕೆಡುವುದಿಲ್ಲ.

ಕನ್ನಡದವರಿಗೆ ಇಲ್ಲಿ ತೊಡಕಾಗಲು ಕಾರಣವಿದೆ. ‘ಅವಳು ಯಾವಾಗಲೂ ಖುಷಿಯಾಗಿರ್ತಾಳೆ’ ಎಂಬಲ್ಲಿ ‘ಯಾವಾಗಲೂ’ ಕ್ರಿಯಾಪದಕ್ಕಿಂತ ಮೊದಲೇ ಇದೆ, ಕನ್ನಡದಲ್ಲಿ ಕ್ರಿಯಾಪದ ಕೊನೆಗಿರುವುದರಿಂದ ಅದು ಹಾಗೇ ಇರಬೇಕು. ಅದೇ ಸರಣಿಯಲ್ಲಿ ‘ಶೀ ಆಲ್ವೇಸ್ ಈಸ್ ಹ್ಯಾಪಿ’ ಎಂದು ಬಾಯಿಗೆ ಬಂದುಬಿಡುತ್ತದೆ. ‘ಶೀ ಈಸ್ ಆಲ್ವೇಸ್ ಹ್ಯಾಪಿ’ ಎಂದು ತಿದ್ದಿಕೊಳ್ಳಿ.

ಒಂದು ಕಡೆ ಮಾತ್ರ ಇದು ತಿರುಗುಮುರುಗು. ಉತ್ತರ ಮೊಟಕಾಗಿದ್ದು ಈಸ್, ಆಮ್, ಡು, ಹ್ಯಾವ್ ಮುಂತಾದವೇ ಕೊನೆಯ ಪದವಾದರೆ ‘ಎಷ್ಟು ಸಲ’ದ ಪದ ಅದಕ್ಕಿಂತ ಮುಂಚೆ ಬರುತ್ತದೆ. ‘ಆರ್ ಯು ಹೋಮ್ ಬೈ ಸಿಕ್ಸ್?’ ಎಂದರೆ ‘ಯೆಸ್, ಐ ಯೂಶುವಲಿ ಆಮ್.’ ಇಲ್ಲಿ ‘ಐ ಆಮ್ ಯೂಶುವಲಿ’ ಎಂದು ನಿಲ್ಲಿಸಿದರೆ ವಾಕ್ಯ ಅರ್ಧಕ್ಕೆ ಕಡಿದಂತೆ ಕೇಳಿಸುತ್ತದೆ.

ನಡುವೆ ಪದ ಸೇರಿದಾಗ ಇನ್ನೊಂದು ಅನಾಹುತವೂ ಆಗುತ್ತದೆ: ಹೀ, ಶೀ, ಇಟ್ ಜೊತೆ ಕ್ರಿಯಾಪದದ ತುದಿಗೆ ಬರಬೇಕಾದ ಎಸ್ ಬಿದ್ದುಹೋಗುವುದು. ‘ಶೀ ಗೋಸ್’ ಎಂದು ಸರಿಯಾಗಿ ಹೇಳುವವರೇ ‘ಶೀ ನೆವರ್ ಗೋ’ ಅನ್ನುತ್ತಾರೆ. ‘ಶೀ ಡಸಂಟ್ ಗೋ’ ಎಂಬಲ್ಲಿ ಎಸ್ ಇಲ್ಲದ್ದನ್ನು ಕೇಳಿ ಕೇಳಿ, ನೆವರ್ ಕೂಡ ಇಲ್ಲ ಎಂದೇ ಹೇಳುತ್ತದಲ್ಲ ಎಂದು ನಾಲಿಗೆ ಅದನ್ನೇ ಅನುಸರಿಸುತ್ತದೆ. ಆದರೆ ನೆವರ್ ಹೆಲ್ಪಿಂಗ್ ವರ್ಬ್ ಅಲ್ಲ, ಅದು ಎಸ್ ಅನ್ನು ಹೊತ್ತುಕೊಳ್ಳುವುದಿಲ್ಲ. ‘ಶೀ ನೆವರ್ ಗೋಸ್’, ‘ಹೀ ಆಲ್ವೇಸ್ ಫರ್ಗೆಟ್ಸ್’, ‘ಇಟ್ ರೇರ್ಲಿ ರೇನ್ಸ್’ ಎಂದೇ ಇರಬೇಕು.

ಹಂತ 3: ಹೆಲ್ಪಿಂಗ್ ವರ್ಬ್ ಇದ್ದರೆ

ಹ್ಯಾವ್, ಹ್ಯಾಸ್, ವಿಲ್, ಕ್ಯಾನ್, ಶುಡ್, ಮಸ್ಟ್ ಮುಂತಾದವು ಇದ್ದರೆ ಪದ ಅದಕ್ಕೂ ಮುಖ್ಯ ಕ್ರಿಯಾಪದಕ್ಕೂ ನಡುವೆ.

‘ಐ ಹ್ಯಾವ್ ನೆವರ್ ಈಟನ್ ಫಿಶ್.’ ‘ಯು ಶುಡ್ ಆಲ್ವೇಸ್ ಚೆಕ್ ದಿ ಬಿಲ್.’ ‘ದಿ ಗೇಟ್ ಈಸ್ ಯೂಶುವಲಿ ಲಾಕ್ಡ್ ಅಟ್ ನೈಟ್.’

ಎರಡು ಮೂರು ಸಾಲುಗಟ್ಟಿ ನಿಂತಿದ್ದರೆ ಮೊದಲನೆಯದರ ಬೆನ್ನಿಗೆ ಇಡಿ: ‘ದಿಸ್ ರೂಟ್ ಹ್ಯಾಸ್ ಆಫನ್ ಬೀನ್ ಕ್ಲೋಸ್ಡ್.’ ‘ಹ್ಯಾಸ್ ಬೀನ್ ಆಫನ್’ ಎಂಬುದೂ ಕೆಲವೊಮ್ಮೆ ಕಿವಿಗೆ ಬೀಳುತ್ತದೆ. ನೀವು ಮೊದಲನೆಯದನ್ನೇ ರೂಢಿ ಮಾಡಿಕೊಂಡರೆ ತಪ್ಪಾಗುವ ಅವಕಾಶ ಇಲ್ಲ.

‘ಹ್ಯಾವ್’ ನೋಡಿದ ಕೂಡಲೇ ಹೆಲ್ಪಿಂಗ್ ವರ್ಬ್ ಎಂದು ನಂಬಬೇಡಿ. ‘ಐ ಆಲ್ವೇಸ್ ಹ್ಯಾವ್ ದೋಸೆ ಆನ್ ಸಂಡೇಸ್’ ಎಂಬಲ್ಲಿ ಹ್ಯಾವ್ ಅಂದರೆ ತಿನ್ನುವುದು, ಅದು ಮುಖ್ಯ ಕ್ರಿಯಾಪದ. ‘ಐ ಆಲ್ವೇಸ್ ಹ್ಯಾವ್ ಟು ವೇಟ್’ ಎಂಬಲ್ಲಿಯೂ ಪದ ಹ್ಯಾವ್‌ನ ಮುಂಚೆಯೇ. ‘ಐ ಹ್ಯಾವ್ ಆಲ್ವೇಸ್ ವೇಟೆಡ್’ ಎಂಬಲ್ಲಿ ಮಾತ್ರ ಹ್ಯಾವ್ ನಿಜವಾದ ಸಹಾಯಕ. ಪರೀಕ್ಷಿಸುವ ಬಗೆ ಸುಲಭ: ವಾಕ್ಯವನ್ನು ಪ್ರಶ್ನೆ ಮಾಡಿ. ‘ಡು’ ಬೇಕಾದರೆ ಹ್ಯಾವ್ ಮುಖ್ಯ, ಹ್ಯಾವ್ ತಾನೇ ಮುಂದಕ್ಕೆ ಹೋದರೆ ಸಹಾಯಕ.

ಆಜ್ಞೆ ಅಥವಾ ಸೂಚನೆಯ ವಾಕ್ಯದಲ್ಲಿ ಆಲ್ವೇಸ್, ನೆವರ್ ಎರಡೂ ತಲೆಯಲ್ಲೇ ಕೂರುತ್ತವೆ: ‘ಆಲ್ವೇಸ್ ಟರ್ನ್ ಆಫ್ ದಿ ಗ್ಯಾಸ್.’ ‘ನೆವರ್ ಶೇರ್ ಯುವರ್ ಓಟಿಪಿ.’ ಬಿ ಇದ್ದರೂ ಇಲ್ಲಿ ಅದರ ಮುಂಚೆಯೇ: ‘ಆಲ್ವೇಸ್ ಬಿ ಕೇರ್‌ಫುಲ್.’

ಹಂತ 4: ‘ಇಲ್ಲ’ ಬಂದಾಗ

ಇಲ್ಲಿ ನಿಧಾನವಾಗಿ ಓದಿ. ಈ ವಿಷಯದಲ್ಲಿ ಕನ್ನಡಿಗರು ಮಾಡುವ ತಪ್ಪಿನ ಬಹುಪಾಲು ಇಲ್ಲೇ ಹುಟ್ಟುವುದು.

ಮೂಲದಲ್ಲಿರುವುದು ನಮ್ಮ ‘ಯಾವತ್ತೂ’. ‘ಅವರು ಯಾವತ್ತೂ ಹೀಗೇ’ ಅಂದರೆ ಆಲ್ವೇಸ್. ‘ಅವರು ಯಾವತ್ತೂ ಸುಳ್ಳು ಹೇಳಲ್ಲ’ ಅಂದರೆ ನೆವರ್. ಪದ ಅದೇ, ‘ಇಲ್ಲ’ ಎಂಬ ಭಾರ ಕ್ರಿಯಾಪದದ ತುದಿಯಲ್ಲಿ, ‘ಹೇಳಲ್ಲ’ದೊಳಗೆ, ಇರುತ್ತದೆ. ಇಂಗ್ಲಿಷಿನಲ್ಲಿ ನೆವರ್ ಆ ಭಾರವನ್ನು ತಾನೇ ಹೊರುತ್ತದೆ, ಕ್ರಿಯಾಪದ ಹಗುರವಾಗಿರುತ್ತದೆ. ಕನ್ನಡದ ಲೆಕ್ಕದಲ್ಲಿ ಎರಡೂ ಕಡೆ ‘ಇಲ್ಲ’ ಹಾಕಿದರೆ ‘ಹೀ ನೆವರ್ ಡಸಂಟ್ ಟೆಲ್ ಲೈಸ್’ ಆಗುತ್ತದೆ, ಅಂದರೆ ಸುಳ್ಳು ಹೇಳದ ದಿನವೇ ಇಲ್ಲ ಎಂದು! ‘ಯಾವತ್ತೂ’ ಎಂದರೆ ಆಲ್ವೇಸ್ ಎಂದುಕೊಂಡು ‘ಹೀ ಆಲ್ವೇಸ್ ಡಸಂಟ್ ಟೆಲ್ ಲೈಸ್’ ಅನ್ನುವವರೂ ಇದ್ದಾರೆ, ಅದೂ ಸೊಟ್ಟ. ಸರಿಯಾದದ್ದು ‘ಹೀ ನೆವರ್ ಟೆಲ್ಸ್ ಲೈಸ್.’

ನೆವರ್, ರೇರ್ಲಿ, ಸೆಲ್ಡಮ್, ಹಾರ್ಡ್ಲಿ ಎವರ್ ನಾಲ್ಕೂ ಹುಟ್ಟಿನಿಂದಲೇ ನಕಾರದ ಬಣದವು. ಇವುಗಳ ಜೊತೆ ನಾಟ್, ಡೋಂಟ್, ಡಸಂಟ್, ಡಿಡಂಟ್ ಸೇರಿಸಬೇಡಿ. ನಕಾರದ ಬಣದವು ಎಂಬುದಕ್ಕೆ ಗುರುತೂ ಇದೆ. ವಾಕ್ಯದ ಕೊನೆಗೆ ‘ಅಲ್ವಾ’ ಎಂದು ಕೇಳುವ ಬಾಲ ಸೇರಿಸಿದಾಗ ಅದು ಸಕಾರದಲ್ಲಿ ಬರುತ್ತದೆ: ‘ಹೀ ನೆವರ್ ಕಮ್ಸ್ ಲೇಟ್, ಡಸ್ ಹೀ?’ ನಮ್ಮ ‘ಅಲ್ವಾ’ ಎಲ್ಲ ವಾಕ್ಯಕ್ಕೂ ಒಂದೇ ಆದ್ದರಿಂದ ‘ಈಸಂಟ್ ಇಟ್’ ಎಂದು ಮುಗಿಸುವ ಚಾಳಿ ಬರುತ್ತದೆ, ಅದನ್ನು ಬಿಡಬೇಕು. ಯಾರೋ ‘ಐ ನೆವರ್ ಈಟ್ ಔಟ್’ ಅಂದಾಗ ನೀವೂ ಹಾಗೇ ಆಗಿದ್ದರೆ ‘ನೀದರ್ ಡು ಐ’ ಅನ್ನಿ, ‘ಸೋ ಡು ಐ’ ಅಲ್ಲ.

ಇನ್ನು ಆಲ್ವೇಸ್. ‘ಅವನು ಯಾವಾಗಲೂ ಬರಲ್ಲ’ ಎಂಬ ಕನ್ನಡ ವಾಕ್ಯಕ್ಕೆ ಎರಡು ಅರ್ಥ ಸಾಧ್ಯ. ಬರುವುದೇ ಇಲ್ಲ ಎಂದೂ ಆಗಬಹುದು, ಬರುತ್ತಾನೆ ಆದರೆ ಪ್ರತಿ ಸಲ ಅಲ್ಲ ಎಂದೂ ಆಗಬಹುದು. ದನಿ ಕೇಳಿ ತಿಳಿದುಕೊಳ್ಳುತ್ತೇವೆ. ಇಂಗ್ಲಿಷ್ ಇವನ್ನು ಬೇರೆ ಬೇರೆ ವಾಕ್ಯ ಮಾಡುತ್ತದೆ. ಬರುವುದೇ ಇಲ್ಲ: ‘ಹೀ ನೆವರ್ ಕಮ್ಸ್.’ ಪ್ರತಿ ಸಲ ಬರುವುದಿಲ್ಲ: ‘ಹೀ ಡಸಂಟ್ ಆಲ್ವೇಸ್ ಕಮ್.’ ಕಚೇರಿಯಲ್ಲಿ ಇದು ಸಣ್ಣ ವಿಷಯವಲ್ಲ. ಸಹೋದ್ಯೋಗಿ ಕೆಲವು ಮೀಟಿಂಗ್ ತಪ್ಪಿಸುತ್ತಾರೆ ಎನ್ನಬೇಕಾದಲ್ಲಿ ‘ನೆವರ್’ ಎಂದು ಬರೆದರೆ ದೂರು ಕೊಟ್ಟಂತಾಗುತ್ತದೆ.

ಆಫನ್ ಇನ್ನೂ ಸೂಕ್ಷ್ಮ. ‘ಐ ಡೋಂಟ್ ಆಫನ್ ಕುಕ್’ ಅಂದರೆ ಅಡುಗೆ ಮಾಡುವುದು ಅಪರೂಪ. ‘ಐ ಆಫನ್ ಡೋಂಟ್ ಕುಕ್’ ಅಂದರೆ ಎಷ್ಟೋ ಸಲ ಅಡುಗೆ ಮಾಡದೆ ಬಿಡುತ್ತೇನೆ, ಉಳಿದ ದಿನ ಮಾಡುತ್ತೇನೆ. ಡೋಂಟ್ ಎಲ್ಲಿದೆ ಎಂಬುದರ ಮೇಲೆ ಅರ್ಥ ನಿಂತಿದೆ. ಯೂಶುವಲಿಗೆ ಈ ತಾಪತ್ರಯ ಇಲ್ಲ. ‘ಐ ಡೋಂಟ್ ಯೂಶುವಲಿ’, ‘ಐ ಯೂಶುವಲಿ ಡೋಂಟ್’ ಎರಡೂ ಹೆಚ್ಚುಕಡಿಮೆ ಒಂದೇ.

ಸಮ್‌ಟೈಮ್ಸ್ ಮಾತ್ರ ಡಸಂಟ್‌ನ ಹಿಂದೆ ಹೋಗಲು ಒಪ್ಪುವುದಿಲ್ಲ. ‘ಹೀ ಡಸಂಟ್ ಸಮ್‌ಟೈಮ್ಸ್ ಆನ್ಸರ್’ ಅನ್ನಬೇಡಿ. ‘ಹೀ ಸಮ್‌ಟೈಮ್ಸ್ ಡಸಂಟ್ ಆನ್ಸರ್’ ಅಥವಾ ‘ಸಮ್‌ಟೈಮ್ಸ್ ಹೀ ಡಸಂಟ್ ಆನ್ಸರ್’ ಅನ್ನಿ.

ನೆವರ್‌ನ ಇನ್ನೊಂದು ದುರ್ಬಳಕೆ ಉಂಟು. ನಿನ್ನೆ ಆಫೀಸಿಗೆ ಹೋಗಲಿಲ್ಲ ಎನ್ನಲು ‘ಐ ನೆವರ್ ವೆಂಟ್ ಟು ಆಫೀಸ್ ಯೆಸ್ಟರ್‌ಡೇ’ ಎಂಬ ವಾಕ್ಯ. ನೆವರ್ ಅಂದರೆ ಎಂದಿಗೂ ಇಲ್ಲ. ಒಂದು ದಿನದ ಒಂದು ಘಟನೆಗೆ ‘ಐ ಡಿಡಂಟ್ ಗೋ’ ಸಾಕು.

ಹಂತ 5: ಪ್ರಶ್ನೆ ಕೇಳುವಾಗ

ಪ್ರಶ್ನೆಯಲ್ಲಿ ಹೆಲ್ಪಿಂಗ್ ವರ್ಬ್ ಕರ್ತೃವಿನ ಮುಂದಕ್ಕೆ ಹಾರುತ್ತದೆ, ನಮ್ಮ ಪದ ಕರ್ತೃವಿನ ಬೆನ್ನಿಗೆ ಉಳಿಯುತ್ತದೆ. ‘ಡು ಯು ಯೂಶುವಲಿ ವರ್ಕ್ ಆನ್ ಸ್ಯಾಟರ್ಡೇಸ್?’ ‘ಈಸ್ ಶೀ ಆಲ್ವೇಸ್ ದಿಸ್ ಬಿಸಿ?’

‘ಯಾವತ್ತಾದರೂ’ ಎನ್ನುವುದಕ್ಕೆ ಎವರ್: ‘ಹ್ಯಾವ್ ಯು ಎವರ್ ಬೀನ್ ಟು ಹಂಪಿ?’ ಉತ್ತರ ಹೌದು ಎಂದಾದರೆ ಎವರ್ ಅನ್ನು ಕೈಬಿಡಿ. ‘ಯೆಸ್, ಐ ಹ್ಯಾವ್ ಎವರ್ ಬೀನ್’ ಎಂಬ ವಾಕ್ಯ ಇಂಗ್ಲಿಷಿನಲ್ಲಿ ಇಲ್ಲ. ‘ಯೆಸ್, ಐ ಹ್ಯಾವ್’, ‘ಯೆಸ್, ಟ್ವೈಸ್’, ಇಲ್ಲವೇ ‘ನೋ, ನೆವರ್’.

ಎಷ್ಟು ದಿನಕ್ಕೊಮ್ಮೆ, ಎಷ್ಟು ಸಲ ಎಂದು ಕೇಳುವುದಕ್ಕೆ ‘ಹೌ ಆಫನ್’. ‘ಹೌ ಆಫನ್ ಡು ಯು ಚೇಂಜ್ ದಿ ವಾಟರ್ ಫಿಲ್ಟರ್?’ ಎಂಬ ಪ್ರಶ್ನೆಗೆ ಕ್ರಮ ತಿಳಿಸಿ, ‘ಒನ್ಸ್ ಎ ಇಯರ್’ ಎಂಬಂತೆ. ‘ಹೌ ಮೆನಿ ಟೈಮ್ಸ್’ ಮುಗಿದ ಘಟನೆಗಳನ್ನು ಎಣಿಸುವಾಗ ಹೆಚ್ಚು ಒಪ್ಪುತ್ತದೆ: ‘ಹೌ ಮೆನಿ ಟೈಮ್ಸ್ ಹ್ಯಾವ್ ಯು ಕಾಲ್ಡ್ ದೆಮ್?’

ಹಂತ 6: ಲೆಕ್ಕ ಇಟ್ಟು ಹೇಳುವಾಗ

ವಾರಕ್ಕೆರಡು ಸಲ, ದಿನ ಬಿಟ್ಟು ದಿನ, ತಿಂಗಳಿಗೊಮ್ಮೆ. ಇಂಥವು ವಾಕ್ಯದ ನಡುವೆ ಕೂರುವುದಿಲ್ಲ. ಜಾಗ ಕೊನೆಯಲ್ಲಿ, ಒತ್ತು ಬೇಕಿದ್ದರೆ ಮೊದಲಿಗೆ. ‘ಐ ಎವ್ರಿ ಡೇ ವಾಕ್’ ತಪ್ಪು, ‘ಐ ವಾಕ್ ಎವ್ರಿ ಡೇ’ ಸರಿ. ‘ಡೈಲಿ ಐ ವಾಕ್’ ಭಾರತದಲ್ಲಿ ಎಲ್ಲರಿಗೂ ಅರ್ಥವಾಗುತ್ತದೆ, ಹೊರಗಿನವರ ಕಿವಿಗೆ ವಿಚಿತ್ರ. ಡೈಲಿಯನ್ನು ಕೊನೆಗೆ ತಳ್ಳಿ.

ನಮ್ಮಲ್ಲಿ ಅವಧಿ ಮೊದಲು, ಎಣಿಕೆ ಆಮೇಲೆ: ವಾರಕ್ಕೆ ಒಮ್ಮೆ. ಹಾಗೇ ಅನುವಾದಿಸಿದರೆ ‘ವೀಕ್ಲಿ ಒನ್ಸ್’ ಹುಟ್ಟುತ್ತದೆ. ಇಂಗ್ಲಿಷಿನಲ್ಲಿ ಎಣಿಕೆ ಮೊದಲು: ‘ಒನ್ಸ್ ಎ ವೀಕ್’. ಮಾತಿನಲ್ಲಿ ‘ವೀಕ್ಲಿ ಒನ್ಸ್’ ಬಂದರೆ ಆಕಾಶ ಕಳಚಿ ಬೀಳುವುದಿಲ್ಲ, ಬೆಂಗಳೂರಿನ ಅರ್ಧ ಆಫೀಸುಗಳು ಅದರಲ್ಲೇ ನಡೆಯುತ್ತವೆ. ಪರೀಕ್ಷೆ, ಅರ್ಜಿ, ವಿದೇಶದ ಕ್ಲೈಂಟಿಗೆ ಮೇಲ್ ಎಂದಾಗ ತಿದ್ದಿಕೊಳ್ಳಿ.

- ವಾರಕ್ಕೊಮ್ಮೆ: ಒನ್ಸ್ ಎ ವೀಕ್ (ವೀಕ್ಲಿ ಒನ್ಸ್ ಅಲ್ಲ)
- ತಿಂಗಳಿಗೆರಡು ಸಲ: ಟ್ವೈಸ್ ಎ ಮಂತ್
- ದಿನಕ್ಕೆ ಮೂರು ಸಲ: ತ್ರೀ ಟೈಮ್ಸ್ ಎ ಡೇ
- ದಿನ ಬಿಟ್ಟು ದಿನ: ಎವ್ರಿ ಅದರ್ ಡೇ
- ಹದಿನೈದು ದಿನಕ್ಕೊಮ್ಮೆ: ಎವ್ರಿ ಟೂ ವೀಕ್ಸ್ (ಫಿಫ್ಟೀನ್ ಡೇಸ್ ಒನ್ಸ್ ಅಲ್ಲ)
- ಆಗೊಮ್ಮೆ ಈಗೊಮ್ಮೆ: ಎವ್ರಿ ನೌ ಅಂಡ್ ದೆನ್, ಒನ್ಸ್ ಇನ್ ಎ ವೈಲ್

‘ತ್ರೈಸ್’ ನಮ್ಮಲ್ಲಿ ಇನ್ನೂ ಜೀವಂತ. ಬ್ರಿಟನ್, ಅಮೆರಿಕದ ದಿನಬಳಕೆಯಲ್ಲಿ ಅದು ಹಳೆಯ ಕಾಲದ ಪದ, ‘ತ್ರೀ ಟೈಮ್ಸ್’ ಎನ್ನುತ್ತಾರೆ. ‘ಬೈವೀಕ್ಲಿ’ಯನ್ನು ದೂರವಿಡಿ. ವಾರಕ್ಕೆ ಎರಡು ಸಲ, ಎರಡು ವಾರಕ್ಕೆ ಒಂದು ಸಲ ಎಂಬ ಎರಡೂ ಅರ್ಥ ಅದಕ್ಕೆ ಇರುವುದರಿಂದ ಮೀಟಿಂಗ್ ತಪ್ಪಿಸಿಕೊಳ್ಳಲು ಬೇರೆ ನೆಪ ಬೇಡ.

ಲೆಕ್ಕ ತಪ್ಪಬಾರದ ಜಾಗ ಔಷಧಿ ಚೀಟಿ. ಡಾಕ್ಟರು ‘1-0-1’ ಎಂದು ಬರೆದರೆ ಬೆಳಿಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು. ‘ಬಿ.ಡಿ.’ (BD) ಎಂದರೆ ದಿನಕ್ಕೆ ಎರಡು ಸಲ, ‘ಟಿ.ಡಿ.ಎಸ್.’ (TDS) ಎಂದರೆ ಮೂರು ಸಲ. ಇವು ಲ್ಯಾಟಿನ್ ಮಾತುಗಳ ಮೊದಲಕ್ಷರಗಳು. ಎಸ್‌ಓಎಸ್ ಎಂದರೆ ಬೇಕಾದಾಗ ಮಾತ್ರ. ಇಂಗ್ಲಿಷಿನಲ್ಲಿ ಬೇರೆಯವರಿಗೆ ವಿವರಿಸಬೇಕಾದರೆ ‘ಟೇಕ್ ಒನ್ ಟ್ಯಾಬ್ಲೆಟ್ ಟ್ವೈಸ್ ಎ ಡೇ’ ಎನ್ನಿ. ‘ಟೇಕ್ ಟೂ ಟ್ಯಾಬ್ಲೆಟ್ಸ್ ಡೈಲಿ’ ಎಂದರೆ ಎರಡನ್ನೂ ಒಟ್ಟಿಗೆ ನುಂಗುವ ಅಪಾಯವಿದೆ.

ಬರೆಯುವಾಗ ‘ಎವ್ರಿ ಡೇ’ ಎರಡು ಪದ, ನಡುವೆ ಜಾಗ ಬೇಕು. ಕೂಡಿಸಿ ಬರೆದ ‘ಎವ್ರಿಡೇ’ ದಿನಬಳಕೆಯ ಎಂಬ ಗುಣವಾಚಕ: ‘ಎವ್ರಿಡೇ ಕ್ಲೋತ್ಸ್’. ಹಾಗೇ ಸಮ್‌ಟೈಮ್ಸ್‌ನ ಕೊನೆಯ ಎಸ್ ಬಿಟ್ಟರೆ ‘ಸಮ್‌ಟೈಮ್’ ಆಗಿ ‘ಯಾವಾಗಲಾದರೂ ಒಮ್ಮೆ’ ಎಂಬ ಅರ್ಥ ಬರುತ್ತದೆ. ‘ಕಮ್ ಹೋಮ್ ಸಮ್‌ಟೈಮ್’ ಅನ್ನುವುದು ಮನೆಗೆ ಬನ್ನಿ ಎಂಬ ಬಾಯಿಮಾತಿನ ಆಹ್ವಾನ.

ಹಂತ 7: ಕಾಲ ಸರಿಯಿದೆಯೇ ನೋಡಿ

ಪದ ಸರಿಯಾದ ಜಾಗದಲ್ಲಿದ್ದೂ ವಾಕ್ಯ ಕೆಡುವುದು ಕಾಲದಿಂದ. ರೂಢಿಯ ಮಾತಿಗೆ ಇಂಗ್ಲಿಷಿನಲ್ಲಿ ಸಿಂಪಲ್ ಪ್ರೆಸೆಂಟ್ ಬೇಕು: ‘ಐ ಯೂಶುವಲಿ ಗೋ ಬೈ ಬಸ್.’ ಕನ್ನಡದಲ್ಲಿ ‘ಹೋಗ್ತಾ ಇರ್ತೀನಿ’ ಎಂಬ ರೂಪವೂ ರೂಢಿಯನ್ನೇ ಹೇಳುವುದರಿಂದ ‘ಐ ಆಮ್ ಯೂಶುವಲಿ ಗೋಯಿಂಗ್ ಬೈ ಬಸ್’ ಎಂದು ಐಎನ್‌ಜಿ ಅಂಟಿಕೊಳ್ಳುತ್ತದೆ. ಇದಕ್ಕಿಂತ ಕೆಟ್ಟದ್ದು, ಈಗಿನ ರೂಢಿಗೆ ‘ಐ ಯೂಸ್ಡ್ ಟು ಗೋ ಬೈ ಬಸ್’ ಎನ್ನುವುದು. ಕೇಳಿದವರು ಬಸ್ ಬಿಟ್ಟುಬಿಟ್ಟಿದ್ದೀರಿ, ಈಗ ಕಾರು ಕೊಂಡಿದ್ದೀರಿ ಎಂದುಕೊಳ್ಳುತ್ತಾರೆ. ಯೂಸ್ಡ್ ಟು ಎಂದರೆ ‘ಆಗ ಹೋಗ್ತಿದ್ದೆ, ಈಗಿಲ್ಲ’.

ಹಾಗಾದರೆ ಆಲ್ವೇಸ್ ಜೊತೆ ಐಎನ್‌ಜಿ ಬರುವುದೇ ಇಲ್ಲವೇ? ಬರುತ್ತದೆ, ಆಗ ಅದಕ್ಕೆ ಮುನಿಸು ಸೇರುತ್ತದೆ. ‘ಹೀ ಆಲ್ವೇಸ್ ಕಾಲ್ಸ್ ಅಟ್ ನೈನ್’ ಎಂಬುದು ಬರಿಯ ಮಾಹಿತಿ. ‘ಹೀ ಈಸ್ ಆಲ್ವೇಸ್ ಕಾಲಿಂಗ್ ಮಿ’ ಎಂಬುದು ‘ಯಾವಾಗ ನೋಡಿದ್ರೂ ಫೋನ್ ಮಾಡ್ತಾನೇ ಇರ್ತಾನಪ್ಪ’ ಎಂಬ ಗೊಣಗಾಟ. ನಮ್ಮ ‘ಯಾವಾಗ ನೋಡಿದ್ರೂ’ಗೆ ಇದಕ್ಕಿಂತ ಒಳ್ಳೆಯ ಇಂಗ್ಲಿಷ್ ಸಿಗಲಾರದು. ಗೊಣಗುವ ಉದ್ದೇಶ ಇಲ್ಲದಿದ್ದರೆ, ಅದರಲ್ಲೂ ಮ್ಯಾನೇಜರ್ ಮುಂದೆ, ಈ ರೂಪ ಬೇಡ. ‘ಯು ಆರ್ ಆಲ್ವೇಸ್ ಚೇಂಜಿಂಗ್ ದಿ ಪ್ಲ್ಯಾನ್’ ಬದಲು ‘ದಿ ಪ್ಲ್ಯಾನ್ ಆಫನ್ ಚೇಂಜಸ್’ ಎಂದರೆ ವಿಷಯವೂ ತಲುಪುತ್ತದೆ, ಜಗಳವೂ ಆಗುವುದಿಲ್ಲ.

ಹಂತ 8: ತಲೆಗೆ, ಬಾಲಕ್ಕೆ ಹೋಗಬಲ್ಲವು

ಸಮ್‌ಟೈಮ್ಸ್, ಯೂಶುವಲಿ, ನಾರ್ಮಲಿ, ಜನರಲಿ, ಅಕೇಶನಲಿ ವಾಕ್ಯದ ಮೊದಲಿಗೂ ಬರಬಹುದು: ‘ಸಮ್‌ಟೈಮ್ಸ್ ಐ ವಾಕ್ ಹೋಮ್.’ ಆಫನ್ ಕೂಡ ಅಪರೂಪಕ್ಕೆ ಬರುತ್ತದೆ. ಆಲ್ವೇಸ್ ಬರುವುದು ಆಜ್ಞೆಯಲ್ಲಷ್ಟೇ. ನೆವರ್, ರೇರ್ಲಿ, ಸೆಲ್ಡಮ್ ಮೊದಲಿಗೆ ಬಂದರೆ ಬೆಲೆ ತೆರಬೇಕು, ವಾಕ್ಯ ಪ್ರಶ್ನೆಯ ಹಾಗೆ ತಿರುಚಿಕೊಳ್ಳುತ್ತದೆ: ‘ನೆವರ್ ಹ್ಯಾವ್ ಐ ಸೀನ್ ಸಚ್ ರೇನ್.’ ಭಾಷಣಕ್ಕೆ ಚೆನ್ನ, ತರಕಾರಿ ಅಂಗಡಿಯಲ್ಲಿ ಬೇಡ.

ಕೊನೆಗೆ ಸಮ್‌ಟೈಮ್ಸ್, ಅಕೇಶನಲಿ, ಆಫನ್ ಬರಬಹುದು. ಆಫನ್ ಕೊನೆಗಿದ್ದಾಗ ‘ವೆರಿ’ ಜೊತೆ ನಕಾರದ ವಾಕ್ಯದಲ್ಲಿ ತುಂಬ ಸಹಜ: ‘ವೀ ಡೋಂಟ್ ಮೀಟ್ ವೆರಿ ಆಫನ್.’ ವೆರಿ ಎಲ್ಲಕ್ಕೂ ಹೊಂದುವುದಿಲ್ಲ. ‘ವೆರಿ ಆಫನ್’, ‘ವೆರಿ ರೇರ್ಲಿ’ ಉಂಟು, ‘ವೆರಿ ಆಲ್ವೇಸ್’ ಇಲ್ಲ. ಆಲ್ವೇಸ್, ನೆವರ್ ತುದಿಯ ಪದಗಳು, ಅವಕ್ಕೆ ‘ಆಲ್‌ಮೋಸ್ಟ್’ ಸೇರಿಸಿ ಸ್ವಲ್ಪ ತಗ್ಗಿಸಬಹುದಷ್ಟೇ.

ಉಚ್ಚಾರದ ಬಗ್ಗೆ ಎರಡು ಮಾತು. ‘ಆಫನ್’ನಲ್ಲಿ ಟಿ ನುಂಗುವವರು ಹೆಚ್ಚು, ‘ಆಫ್ಟನ್’ ಎನ್ನುವವರೂ ಇದ್ದಾರೆ, ಎರಡಕ್ಕೂ ಒಪ್ಪಿಗೆಯಿದೆ. ‘ಯೂಶುವಲಿ’ಯ ನಡುವಿನ ಸದ್ದು ನಮ್ಮ ಶ ಅಲ್ಲ, ಜ ಅಲ್ಲ. ಶ ಹೇಳುತ್ತಾ ಗಂಟಲಿನ ಕಂಪನ ಸೇರಿಸಿದರೆ ಹತ್ತಿರ ಬರುತ್ತದೆ. ‘ಟೆಲಿವಿಷನ್’ ಪದದ ನಡುವೆ ಬರುವುದೂ ಅದೇ ಸದ್ದು.

ಅಭ್ಯಾಸ

ನಿಮ್ಮ ದಿನಚರಿಯ ಬಗ್ಗೆ ಹತ್ತು ಇಂಗ್ಲಿಷ್ ವಾಕ್ಯ ಬರೆಯಿರಿ, ‘ಎಷ್ಟು ಸಲ’ದ ಪದ ಹಾಕಬೇಡಿ. ಕ್ರಿಯಾಪದಗಳಿಗೆ ಸುತ್ತು ಹಾಕಿ. ಸುತ್ತಿನೊಳಗೆ ಒಂದೇ ಪದವಿದೆಯೋ ಎರಡಿವೆಯೋ ನೋಡಿ, ಒಂದೇ ಇದ್ದರೆ ಅದು ಆಮ್-ಈಸ್-ಆರ್ ಗುಂಪಿನದೋ ಅಲ್ಲವೋ ನೋಡಿ. ಆಮೇಲೆ ಪದ ಸೇರಿಸಿ. ಮರುದಿನ ಅದೇ ಹತ್ತನ್ನು ಪ್ರಶ್ನೆ ಮಾಡಿ, ಅದರ ಮರುದಿನ ‘ಇಲ್ಲ’ದ ವಾಕ್ಯ ಮಾಡಿ. ಬರೆದದ್ದನ್ನು ಜೋರಾಗಿ ಓದಿ. ಮಾತಾಡುವಾಗ ನಿಯಮ ನೆನಪಿಗೆ ಬರುವಷ್ಟು ಬಿಡುವಿರುವುದಿಲ್ಲ, ಕಿವಿಗೆ ಬಿದ್ದ ಲಯವೇ ಕೈಹಿಡಿಯುತ್ತದೆ.

ಮೊದಲು ಈ ಆರನ್ನು ತಿದ್ದಿ, ಆಮೇಲೆ ಕೆಳಗೆ ನೋಡಿ:

1. ಮೈ ಬ್ರದರ್ ಆಲ್ವೇಸ್ ಈಸ್ ಹಂಗ್ರಿ.
2. ಶೀ ನೆವರ್ ಡೋಂಟ್ ಈಟ್ ಬ್ರೇಕ್‌ಫಾಸ್ಟ್.
3. ಐ ಆಮ್ ವಿಸಿಟಿಂಗ್ ಮೈ ನೇಟಿವ್ ಮಂತ್ಲಿ ಟ್ವೈಸ್.
4. ಹೀ ಹ್ಯಾಸ್ ಟು ಆಲ್ವೇಸ್ ವೇಟ್.
5. ದೇ ಡೋಂಟ್ ಸಮ್‌ಟೈಮ್ಸ್ ಓಪನ್ ಆನ್ ಸಂಡೇಸ್.
6. ಮೈ ಫ್ರೆಂಡ್ ಆಲ್ವೇಸ್ ಡಸಂಟ್ ಪಿಕ್ ಅಪ್ ದಿ ಫೋನ್.

ಮೊದಲನೆಯದು ‘ಮೈ ಬ್ರದರ್ ಈಸ್ ಆಲ್ವೇಸ್ ಹಂಗ್ರಿ.’ ಎರಡನೆಯದು ‘ಶೀ ನೆವರ್ ಈಟ್ಸ್ ಬ್ರೇಕ್‌ಫಾಸ್ಟ್’, ಈಟ್ಸ್‌ನ ಎಸ್ ಮರೆಯಬೇಡಿ. ಮೂರನೆಯದರಲ್ಲಿ ಮೂರು ದೋಷ: ಕಾಲ, ಎಣಿಕೆಯ ಕ್ರಮ, ಮತ್ತು ‘ನೇಟಿವ್’, ಊರು ಎಂಬ ಅರ್ಥದ ನೇಟಿವ್ ಭಾರತದಾಚೆ ಚಲಾವಣೆಯಲ್ಲಿಲ್ಲ. ‘ಐ ವಿಸಿಟ್ ಮೈ ಹೋಮ್‌ಟೌನ್ ಟ್ವೈಸ್ ಎ ಮಂತ್’ ಎನ್ನಿ. ನಾಲ್ಕನೆಯದನ್ನು ಮಾತಿನಲ್ಲಿ ಕೇಳಬಹುದು, ಬರವಣಿಗೆಗೆ ‘ಹೀ ಆಲ್ವೇಸ್ ಹ್ಯಾಸ್ ಟು ವೇಟ್’ ಚೆನ್ನ. ಐದನೆಯದು ‘ದೇ ಸಮ್‌ಟೈಮ್ಸ್ ಡೋಂಟ್ ಓಪನ್ ಆನ್ ಸಂಡೇಸ್.’

ಆರನೆಯದಕ್ಕೆ ಉತ್ತರ ಒಂದಲ್ಲ. ಗೆಳೆಯ ಫೋನ್ ಎತ್ತುವುದೇ ಇಲ್ಲವಾದರೆ ‘ನೆವರ್ ಪಿಕ್ಸ್ ಅಪ್’, ಕೆಲವು ಸಲ ಎತ್ತುತ್ತಾನೆ ಎಂದಾದರೆ ‘ಡಸಂಟ್ ಆಲ್ವೇಸ್ ಪಿಕ್ ಅಪ್’. ಯಾವುದೆಂದು ವ್ಯಾಕರಣ ಹೇಳಲಾರದು, ಅವನ ಕಾಲ್ ಲಾಗ್ ನೋಡಬೇಕು.